ಕೋಳಿ ಕುಂಟುತ್ತಿದೆಯಾ? ಮೊದಲು ಪಾದದ ಅಡಿ ನೋಡಿ

ಮದ್ದು ಹುಡುಕುವ ಮೊದಲು ಕೋಳಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ರೆಕ್ಕೆ ಮೆಲ್ಲಗೆ ಒತ್ತಿ ಹಿಡಿದು, ಪಾದದ ಅಡಿ ನೋಡಿ. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಮಳೆಗಾಲದಲ್ಲಿ ಅಂಗಳ ಒಣಗುವುದೇ ಇಲ್ಲ, ಜೊತೆಗೆ ಮುರಕಲ್ಲಿನ (ಕೆಂಪು ಕಲ್ಲಿನ) ಚೂರು ಬೇರೆ. ಸಣ್ಣ ಗಾಯಕ್ಕೂ ಕೀವು ಸೇರುತ್ತದೆ. ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಕೆಂಪು ಹೇಂಟೆಯ ಪಾದದಲ್ಲಿ ಕಡಲೆಯಷ್ಟು ದೊಡ್ಡ ಕಪ್ಪು ಹಕ್ಕಳೆ, ಸುತ್ತಲೂ ಬಿಸಿ ಬಿಸಿ ಬಾವು ಇತ್ತು. ಇದಕ್ಕೆ ಬಂಬಲ್‌ಫೂಟ್ ಅಂತಾರೆ.

ಕೈಗೆ ಗ್ಲೌಸ್ ಹಾಕಿ, ಈ ಸೋಂಕು ನಮಗೂ ತಗಲಬಹುದು. ಉಗುರು ಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು (ಮೆಗ್ನೀಸಿಯಮ್ ಸಲ್ಫೇಟ್, ಅಡುಗೆ ಉಪ್ಪಲ್ಲ) ಹಾಕಿ 10–15 ನಿಮಿಷ ಪಾದ ಮುಳುಗಿಸಿಡಿ. ಬೆರಳುಗಳ ಸಂದು ಕೂಡ ಚೆನ್ನಾಗಿ ಒರೆಸಿ, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಮದ್ದು ಹಚ್ಚಿ, ಗಾಜ್ ಬಟ್ಟೆ ಇಟ್ಟು, ಬೆರಳುಗಳ ನಡುವೆ ಹಾಯಿಸಿ ಬ್ಯಾಂಡೇಜ್ ಸುತ್ತಿ. ಜಾಸ್ತಿ ಬಿಗಿಯಬೇಡಿ. ಬೆರಳು ಊದಿದರೆ, ತಣ್ಣಗಾದರೆ ತಕ್ಷಣ ಬಿಚ್ಚಿ. ದಿನಾ ಬದಲಿಸಿ. ಬ್ಲೇಡಿನಲ್ಲಿ ಕೊಯ್ಯಲು ಮಾತ್ರ ಹೋಗಬೇಡಿ, ಪಾಪ, ಅದಕ್ಕೆ ತುಂಬಾ ನೋವಾಗುತ್ತದೆ.

ಕುಂಟುವ ಕೋಳಿಯನ್ನು ಉಳಿದವು ಕುಕ್ಕುತ್ತವೆ, ಹಾಗಾಗಿ ಬೇರೆ ಇಡಿ, ಆದರೆ ಜೊತೆಯವು ಕಾಣುವ ಹಾಗೆ. ಒಣ ಮರದ ಹುಡಿ ದಪ್ಪಗೆ ಹಾಸಿ. ಕೂರಲು ಎತ್ತರದ ಕೋಲು ಬೇಡ, ಹಾರಿ ಇಳಿದರೆ ಮತ್ತೆ ಪೆಟ್ಟು. ನೀರು, ತಿಂಡಿ ಕೊಕ್ಕಿಗೆ ಎಟುಕುವಲ್ಲೇ ಇರಲಿ.

ಎಲುಬು ಮುರಿದಿದ್ದರೆ ಅಥವಾ ಎರಡು ಮೂರು ದಿನದಲ್ಲಿ ಬಾವು ಇಳಿಯದಿದ್ದರೆ ಮೃಗಾಸ್ಪತ್ರೆಗೆ ಒಯ್ಯಿರಿ. ಗಾಯವೇ ಇಲ್ಲದೆ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿದ್ದರೆ ಅದು ಮಾರೆಕ್ಸ್ ಎಂಬ ವೈರಸ್ ರೋಗ ಇರಬಹುದು, ಕಾಯಬೇಡಿ. ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಡಾಕ್ಟರನ್ನೇ ಕೇಳಿ.