ರಾತ್ರಿಯ ಡೈಪರ್ ಬಿಡಿಸುವುದು ಹೇಗೆ?

ಯುಗಾದಿ ಮುಗಿದು ಬಿಸಿಲು ಏರಿದಂತೆ ರಾಯಚೂರಿನ ಮನೆಗಳಲ್ಲಿ ಹಾಸಿಗೆ ಮಾಳಿಗೆ ಏರುತ್ತದೆ. ಮಗುವಿಗೆ ರಾತ್ರಿಯ ಡೈಪರ್ ಬಿಡಿಸಲು ಇದು ಒಳ್ಳೆಯ ಹೊತ್ತು. ಬೆವರು ಹರಿಯುವ ಕಾಲದಲ್ಲಿ ಉಚ್ಚೆ ಕಡಿಮೆ. ಒಗೆದ ಕೌದಿ ಮಧ್ಯಾಹ್ನದೊಳಗೆ ಒಣಗುತ್ತದೆ.

ಮೊದಲು ಮಗು ಸಿದ್ಧವಿದೆಯೇ ನೋಡಿ. ಹಗಲು ಚಡ್ಡಿ ಒದ್ದೆಯಾಗುತ್ತಿಲ್ಲ, ಬಹಳಷ್ಟು ದಿನ ಬೆಳಿಗ್ಗೆ ಡೈಪರ್ ಒಣಗಿಯೇ ಇರುತ್ತದೆ ಎಂದರೆ ಶುರು ಮಾಡಬಹುದು. ಇಲ್ಲವೇ, ಕಾಯಿರಿ. ರಾತ್ರಿ ಉಚ್ಚೆಯನ್ನು ತಗ್ಗಿಸುವ ವಾಸೊಪ್ರೆಸಿನ್ ಹಾರ್ಮೋನು ಸಾಕಷ್ಟು ಸ್ರವಿಸಬೇಕು, ಮೂತ್ರಕೋಶ ತುಂಬಿದಾಗ ಮಿದುಳು ಎಚ್ಚರಗೊಳ್ಳಬೇಕು. ಬೈದರೆ ಇವೆರಡೂ ಬೇಗ ಬರುವುದಿಲ್ಲ. ನಾಲ್ಕು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದೇ ಸುಮಾರು 150 ಮಿಲಿ. ಅಪ್ಪನೋ ಅವ್ವನೋ ಹಾಸಿಗೆ ಒದ್ದೆ ಮಾಡುವುದನ್ನು ತಡವಾಗಿ ಬಿಟ್ಟಿದ್ದರೆ ಮಗುವೂ ತಡಮಾಡಬಹುದು. ಅಜ್ಜಿಯನ್ನು ಕೇಳಿ ನೋಡಿ.

ನೀರಿನ ವಿಷಯದಲ್ಲಿ ತುಂಬ ಮನೆಗಳು ಎಡವುತ್ತವೆ. ಹಾಸಿಗೆಗೆ ಹೆದರಿ ಮಧ್ಯಾಹ್ನದಿಂದಲೇ ನೀರು ತಡೆಯುವುದು 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಅಪಾಯ. ಹಗಲೆಲ್ಲ ನೀರು, ಮಜ್ಜಿಗೆ ಚೆನ್ನಾಗಿ ಕುಡಿಸಿ, ಮಲಗುವ ಒಂದು ತಾಸು ಮೊದಲು ಕಡಿಮೆ ಮಾಡಿ. ಆಗಲೂ ಬಾಯಾರಿಕೆ ಎಂದರೆ ಎರಡು ಗುಟುಕು ಕೊಡಲೇಬೇಕು. ಸಂಜೆ ಬಸಿಯಲ್ಲಿ ಚಹಾ ಕೊಡುವ ರೂಢಿ ಬಿಡಿ. ಮಲ ಗಟ್ಟಿಯಾದರೆ ಅದು ಮೂತ್ರಕೋಶವನ್ನು ಒತ್ತುತ್ತದೆ. ರೊಟ್ಟಿಯ ಜೊತೆ ಪುಂಡಿಪಲ್ಯ, ಆಗಾಗ ಪೇರಲಹಣ್ಣು ಇರಲಿ.

ಗಾದಿಯ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಹಳೆಯ ಸೀರೆಯ ಕೌದಿ. ಅದರ ಮೇಲೆ ಮತ್ತೊಂದು ಶೀಟ್, ಮತ್ತೊಂದು ಕೌದಿ. ನಡುರಾತ್ರಿ ಮೇಲಿನ ಜೋಡಿ ಎಳೆದರೆ ಒಣ ಹಾಸಿಗೆ ಸಿದ್ಧ.

ಇನ್ನು ಕತ್ತಲು. ನನ್ನ ಮಗಳಿಗೆ ಎಚ್ಚರವಾಗುತ್ತಿತ್ತು, ಆದರೆ ಹಿತ್ತಲ ತುದಿಯ ಪಾಯಖಾನೆಗೆ ಹೋಗಲು ಹೆದರಿ ಅಲ್ಲೇ ಮುದುಡಿಕೊಳ್ಳುತ್ತಿದ್ದಳು. ಇದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಹಾಸಿಗೆಯ ಪಕ್ಕದಲ್ಲೇ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದು ಸಣ್ಣ ದೀಪ ಇಟ್ಟ ಮೇಲೆ, "ಯವ್ವಾ, ಉಚ್ಚಿ ಬಂದಾದ" ಎಂದು ಅವಳೇ ಎಬ್ಬಿಸತೊಡಗಿದಳು. ಮಾಳಿಗೆಯ ಮೇಲೆ ಮಲಗುವವರು ಮಗುವನ್ನು ಅಂಚಿನಿಂದ ದೂರ, ಇಬ್ಬರು ದೊಡ್ಡವರ ನಡುವೆ ಮಲಗಿಸಿ. ನಿದ್ದೆಗಣ್ಣಿನಲ್ಲಿ ಒಂಟಿಯಾಗಿ ಮೆಟ್ಟಿಲಿಳಿಯಲು ಬಿಡಬೇಡಿ.

ಮಲಗುವ ಮುಂಚೆ ಎರಡು ಸಲ ಹೋಗಿಸಿ: ಊಟವಾದ ಮೇಲೆ ಒಮ್ಮೆ, ಕಣ್ಣು ಮುಚ್ಚುವ ಮೊದಲು ಇನ್ನೊಮ್ಮೆ. ಹನ್ನೊಂದಕ್ಕೆ ನಿದ್ದೆಯಲ್ಲೇ ಎತ್ತಿಕೊಂಡು ಹೋದರೆ ಹಾಸಿಗೆ ಉಳಿಯುತ್ತದೆ, ಆದರೆ ಮಗು ಏನೂ ಕಲಿಯುವುದಿಲ್ಲ. ಎಬ್ಬಿಸುವುದಾದರೆ ಪೂರ್ತಿ ಎಚ್ಚರಿಸಿ, ನಡೆಸಿ.

ಒದ್ದೆಯಾದ ಬೆಳಿಗ್ಗೆ ಬೈಯಬೇಡಿ, ಬರೆ ಹಾಕುತ್ತೇನೆಂದು ಹೆದರಿಸಬೇಡಿ, ನೆಂಟರ ಮುಂದೆ ಆಡಿಕೊಳ್ಳಬೇಡಿ. ಮಗು ಬೇಕೆಂದು ಮಾಡಿದ್ದಲ್ಲ. ಎರಡು ವಾರ ದಿನವೂ ಒದ್ದೆಯೇ ಆದರೆ ಡೈಪರ್ ಮತ್ತೆ ಹಾಕಿ, ಎರಡು ಮೂರು ತಿಂಗಳು ಬಿಟ್ಟು ನೋಡಿ.

ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಮುಂದೆ ತಾನೇ ನಿಲ್ಲುತ್ತದೆ. ಆದರೆ ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾದರೆ, ಉಚ್ಚೆ ಉರಿದರೆ, ವಿಪರೀತ ಬಾಯಾರಿಕೆಯಾದರೆ, ಮಗು ಸೊರಗಿದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಯಾವ ರಾತ್ರಿ ಒದ್ದೆ, ಯಾವ ರಾತ್ರಿ ಒಣ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದರೆ ಅದನ್ನೂ ಒಯ್ಯಿರಿ.