ಮೊದಲ ಸ್ಕ್ರ್ಯಾಚ್ ಆಲ್ಬಂ ಮಾಡಲು ಹೊರಟವರಿಗೆ

ಬ್ಯಾಟಲ್‌ಗಳಲ್ಲಿ (ಡಿಜೆಗಳ ಸ್ಪರ್ಧೆಗಳಲ್ಲಿ) ಗೆದ್ದ ರೊಟೀನ್‌ಗಳನ್ನು, ಅಂದರೆ ಮೊದಲೇ ಕಟ್ಟಿಟ್ಟ ಪ್ರದರ್ಶನಗಳನ್ನು, ಸಾಲಾಗಿ ಜೋಡಿಸಿದರೆ ಆಲ್ಬಂ ಆಯಿತು ಅಂತ ತುಂಬಾ ಡಿಜೆಗಳು ಅಂದುಕೊಂಡಿರುತ್ತಾರೆ. ಆಗುವುದಿಲ್ಲ. ಸ್ಕ್ರ್ಯಾಚ್ ಡಿಜೆಗಳ, ಅಂದರೆ ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ದನಿ ಹೊರಡಿಸುವವರ, ರೆಕಾರ್ಡಿಂಗ್, ಮಿಕ್ಸಿಂಗ್ ನನ್ನ ಕೆಲಸ. ಹೊಸಬರು ಬಂದರೆ ಅವರದೇ ರೊಟೀನ್‌ನ ವಿಡಿಯೋ ಹಾಕಿ, ಪರದೆಗೆ ಬೆನ್ನು ಮಾಡಿ ಕೂರಿಸುತ್ತೇನೆ. ಬೆನ್ನ ಹಿಂದೆ ಕೈ ಹಾಕಿ ಫೇಡರ್ (ದನಿ ತೆರೆದು ಮುಚ್ಚುವ ಗುಂಡಿ) ಆಡಿಸಿದ್ದು, ಮೊಣಕೈಯಿಂದ ರೆಕಾರ್ಡ್ ತಳ್ಳಿದ್ದು ಯಾವುದೂ ಈಗ ಕಾಣುವುದಿಲ್ಲ. ಬರೀ ಕೇಳಿದಾಗಲೂ ಚೆನ್ನಾಗಿದೆ ಅನ್ನಿಸಿದ ತುಣುಕುಗಳನ್ನು ಬರೆದಿಟ್ಟುಕೊಳ್ಳಿ. ಆಲ್ಬಂ ಅಲ್ಲಿಂದ ಶುರು.

ಡಿಜೆಗಳ ಡಿಎಂಸಿ ವಿಶ್ವ ಸ್ಪರ್ಧೆಯ ಫೈನಲ್ ರೊಟೀನ್ 6 ನಿಮಿಷದ್ದು. ಆ 6 ನಿಮಿಷದಲ್ಲಿ ಕಸರತ್ತು ಎಷ್ಟಿದ್ದರೂ ನಡೆಯುತ್ತದೆ. 40 ನಿಮಿಷ ಅದನ್ನೇ ಮಾಡಿದರೆ ಎದುರಿಗೆ ಕೂತವರೊಬ್ಬರು ಉಸಿರು ಬಿಡದೆ ಮಾತಾಡಿದ ಹಾಗಿರುತ್ತದೆ.

ಕೆಲಸಕ್ಕೆ ಇಳಿಯುವ ಮುಂಚೆ ಹಳೆಯ ಡಿಜೆಗಳ ರೆಕಾರ್ಡಿಂಗ್‌ಗಳನ್ನು ಕೇಳಿ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ 1981ರಲ್ಲಿ ಮೊದಲೇ ಬಂದಿದ್ದ ರೆಕಾರ್ಡ್‌ಗಳನ್ನೇ ಟರ್ನ್‌ಟೇಬಲ್‌ಗಳ ಮೇಲೆ ನೇರವಾಗಿ ಬಾರಿಸಿ 7 ನಿಮಿಷದ ಒಂದು ಹಾಡು ಕಟ್ಟಿದರು. ಕ್ಯೂಬರ್ಟ್ 1998ರಲ್ಲಿ ತಂದ 'ವೇವ್ ಟ್ವಿಸ್ಟರ್ಸ್' ಆಲ್ಬಂಗೆ ಎಂಥ ಕಥೆಯ ಓಟವಿತ್ತು ಅಂದರೆ, ಅದರ ಮೇಲೆ ಒಂದು ಅನಿಮೇಷನ್ ಸಿನಿಮಾವೇ ಬಂತು. ಕಿಡ್ ಕೋಆಲಾ 2000ದಲ್ಲಿ ತಮ್ಮ ಮೊದಲ ಆಲ್ಬಂನಲ್ಲಿ ಒಂದು ಟ್ರಂಪೆಟ್ ದನಿಯನ್ನು ಬೆರಳಲ್ಲೇ ಬಗ್ಗಿಸಿ, ಕುಡಿದವನ ಹಾಗೆ ತೂರಾಡಿಸಿದರು. ಮೂರರಲ್ಲೂ ಕೈಚಳಕಕ್ಕಿಂತ ಒಂದು ಐಡಿಯಾ ಮೊದಲು ಕಿವಿಗೆ ಬೀಳುತ್ತದೆ. ನಿಮ್ಮ ಐಡಿಯಾ ಏನು ಅನ್ನುವುದನ್ನು ಒಂದು ಸಾಲಲ್ಲಿ ಹೇಳೋಕೆ ಬರದಿದ್ದರೆ ಇನ್ನೂ ಸ್ಟುಡಿಯೋ ಬುಕ್ ಮಾಡಬೇಡಿ.

ಈಗ ದನಿಗಳ ವಿಷಯ. 1982ರ 'ಚೇಂಜ್ ದ ಬೀಟ್' ರೆಕಾರ್ಡಿನ ಬಿ ಸೈಡ್ ಕೊನೆಯಲ್ಲಿ ಬರುವ 'ಆಹ್', 'ಫ್ರೆಶ್' ದನಿಗಳು ಎಲ್ಲರಿಗೂ ಗೊತ್ತು. ನುಣುಪಾದ ದನಿ, ಹೇಗೆ ಎಳೆದರೂ ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕೇ ಎಲ್ಲರೂ ಅದನ್ನೇ ಉಜ್ಜುತ್ತಾರೆ. ಆಲ್ಬಂನಲ್ಲಿ ಒಂದು ಟ್ರ್ಯಾಕ್‌ಗೆ ಇಟ್ಟುಕೊಳ್ಳಿ, ಸಾಕು. ಉಳಿದವಕ್ಕೆ ನಿಮ್ಮದೇ ದನಿ ಹುಡುಕಿ: ಬಾಗಿಲ ಕಿರುಗುಟ್ಟು, ಗೆಳೆಯರ ಕೆಮ್ಮು, ಒಂದು ಚೆಲ್ಲೋ ಎಳೆತ. ಉದ್ದವಾಗಿ ನಿಲ್ಲುವ ಒಂದೇ ಸ್ವರವಿದ್ದರೆ ಅದರಲ್ಲಿ ರಾಗವನ್ನೂ ಬಾರಿಸಬಹುದು. ರೆಕಾರ್ಡ್ ತಿರುಗುವ ಸ್ಪೀಡನ್ನು ನಿಮಿಷಕ್ಕೆ 33⅓ ಸುತ್ತಿನಿಂದ 45ಕ್ಕೆ ಬದಲಿಸಿದರೆ ಶ್ರುತಿ 5 ಸೆಮಿಟೋನ್‌ಗಿಂತ (ಸೆಮಿಟೋನ್ ಅಂದರೆ ಅರ್ಧ ಸ್ವರದ ಅಂತರ) ಸ್ವಲ್ಪ ಮೇಲೇರುತ್ತದೆ. ಪಿಚ್ ಸ್ಲೈಡರ್ (ಸ್ಪೀಡ್ ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ) ಶೇ. 8ರಷ್ಟು ಮೇಲೆ ಕೆಳಗೆ ಹೋಗುವಂಥದ್ದಾದರೆ, ಎರಡೂ ಕಡೆ ಒಂದೊಂದು ಸೆಮಿಟೋನ್‌ಗಿಂತ ಚೂರು ಜಾಸ್ತಿ ಸಿಗುತ್ತದೆ. ಇವೆರಡನ್ನು ಕೂಡಿಸಿ ಎಷ್ಟು ಸ್ವರ ಹೊರಡುತ್ತವೆ ನೋಡಿ, ರಾಗವನ್ನು ಅಷ್ಟರೊಳಗೇ ಕಟ್ಟಿ.

ದನಿಗಳನ್ನು ನಿಜವಾದ ವಿನೈಲ್‌ಗೆ ಕೊರೆಸಿಕೊಳ್ಳುವವರಾದರೆ ಒಂದು ಲೆಕ್ಕ ನೆನಪಿರಲಿ. 33⅓ ಸ್ಪೀಡಿನಲ್ಲಿ ರೆಕಾರ್ಡ್ ಒಂದು ಸುತ್ತು ತಿರುಗಲು 1.8 ಸೆಕೆಂಡ್ ಬೇಕು. ಬೀಟ್ 133⅓ ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟ್) ಇದ್ದರೆ ಒಂದು ಸುತ್ತಿಗೆ ಸರಿಯಾಗಿ 4 ಬೀಟ್. ಒಂದು ಸುತ್ತಿನ ಲೂಪ್ ಅನ್ನೇ ಮತ್ತೆ ಮತ್ತೆ ತುಂಬಿದ್ದರೆ, ಸೂಜಿ ಪಕ್ಕದ ಗ್ರೂವ್‌ಗೆ ಹಾರಿದರೂ ಬೀಟ್ ತಪ್ಪುವುದಿಲ್ಲ, ಕೇಳುವವರಿಗೆ ಗೊತ್ತೂ ಆಗುವುದಿಲ್ಲ. 100 ಬಿಪಿಎಂ ಇಟ್ಟರೆ ಸುತ್ತಿಗೆ 3 ಬೀಟ್. ಆಗ ಹಾರಿದ ಸೂಜಿ ಬೀಟ್ ಮೇಲೇನೋ ಬೀಳುತ್ತದೆ, ಆದರೆ ನಾಲ್ಕರ ಲೆಕ್ಕ ಜಾರುತ್ತದೆ. ಟೈಮ್‌ಕೋಡ್ ರೆಕಾರ್ಡ್ (ಕಂಪ್ಯೂಟರಿನಲ್ಲಿರುವ ದನಿಗಳನ್ನು ಆಡಿಸುವ ರೆಕಾರ್ಡ್) ಬಳಸುವವರು ರಿಲೇಟಿವ್ ಮೋಡ್ (ಸೂಜಿ ಎಲ್ಲಿದೆ ಅನ್ನುವುದನ್ನು ಬಿಟ್ಟು ರೆಕಾರ್ಡಿನ ಚಲನೆಯನ್ನಷ್ಟೇ ನೋಡುವ ವ್ಯವಸ್ಥೆ) ಹಾಕಿಕೊಂಡರೆ ಈ ತಲೆನೋವೇ ಇಲ್ಲ.

ರೆಕಾರ್ಡ್ ಮಾಡುವಾಗ ಬೀಟ್ ಒಂದು ಟ್ರ್ಯಾಕ್, ಪ್ರತಿ ಸ್ಕ್ರ್ಯಾಚ್ ಬೇರೆ ಬೇರೆ ಟ್ರ್ಯಾಕ್. ರಿವರ್ಬ್, ಡಿಲೇ ಎಲ್ಲ ಆಮೇಲೆ. ಗುಂಯ್ ಅನ್ನುವ ಸದ್ದು ಬಂದರೆ ಮೊದಲು ಗ್ರೌಂಡ್ ವೈರ್ ನೋಡಿ. ಕೈ ತಟ್ಟೆಗೆ ತಾಗಿದಾಗಲೆಲ್ಲ ಕೆಳಗಿನಿಂದ ಧಬ್ ಅನ್ನುವ ಗುದ್ದು ಸೇರಿಕೊಳ್ಳುತ್ತದೆ. ಸ್ಕ್ರ್ಯಾಚ್ ಟ್ರ್ಯಾಕ್‌ಗೆ 40 ಹರ್ಟ್ಜ್ ಕೆಳಗೆ ಕತ್ತರಿ ಹಾಕಿ. ಇನ್ನೊಂದು ಕಾಟ ಮೇಲಿನಿಂದ. ರೆಕಾರ್ಡನ್ನು ಎರಡು ಪಟ್ಟು ಜೋರಾಗಿ ತಳ್ಳಿದರೆ ದನಿಯ ಫ್ರೀಕ್ವೆನ್ಸಿಯೂ ಎರಡು ಪಟ್ಟು ಏರುತ್ತದೆ, ಕಿವಿ ಚುಚ್ಚುತ್ತದೆ. ಇಕ್ವಲೈಜರ್‌ನಲ್ಲಿ ಇಡೀ ಟ್ರ್ಯಾಕನ್ನು ಮಂಕು ಮಾಡುವ ಬದಲು ಡಿ-ಎಸರ್ ಹಾಕಿ, ಚುಚ್ಚುವ ಜಾಗದಲ್ಲಿ ಮಾತ್ರ ತಗ್ಗಲಿ.

ಟೈಮಿಂಗ್ ತಿದ್ದುವ ಆಸೆಗೆ ಬೀಳಬೇಡಿ. ಚರ್ಪ್, ಫ್ಲೇರ್ ಥರದ ಪ್ರತಿ ಸ್ಕ್ರ್ಯಾಚ್ ಪಟ್ಟನ್ನೂ ಗ್ರಿಡ್‌ಗೆ (ಕಂಪ್ಯೂಟರಿನ ಬೀಟ್ ಗೆರೆಗಳಿಗೆ) ಅಂಟಿಸಿದರೆ ಸ್ಯಾಂಪ್ಲರ್ ಬಾರಿಸಿದಂತೆಯೇ ಕೇಳುತ್ತದೆ. ಹಾಗಾದರೆ ಇಷ್ಟು ವರ್ಷ ಕೈ ಪಳಗಿಸಿದ್ದು ಯಾಕೆ, ಅಲ್ವಾ? ಸರಿ ಬರದಿದ್ದರೆ ಇನ್ನೊಂದು ಟೇಕ್ ತಗೊಳ್ಳಿ.

ಸ್ಕ್ರ್ಯಾಚ್ ಹಾಡುವವರ ಜಾಗದಲ್ಲಿದೆ ಅಂದುಕೊಂಡೇ ಬೀಟ್ ಮಾಡಿ. ನಾಲ್ಕು ಬಾರ್ ಮಾತಾಡಿ, ಎರಡು ಬಾರ್ ಸುಮ್ಮನಿರಿ. ಪಲ್ಲವಿ ಬೇಕಿದ್ದರೆ ಹಿಪ್‌ಹಾಪ್ ನಿರ್ಮಾಪಕ ಡಿಜೆ ಪ್ರೀಮಿಯರ್ ದಾರಿ ಇದೆ: ಬೇರೆ ಬೇರೆ ರೆಕಾರ್ಡ್‌ಗಳ ತುಂಡು ಸಾಲುಗಳನ್ನು ಕತ್ತರಿಸಿ ಜೋಡಿಸಿ, ಅದರಿಂದಲೇ ಹುಕ್ ಕಟ್ಟುವುದು. ರ‍್ಯಾಪರ್‌ಗಳನ್ನು ಎರಡು ಹಾಡಿಗಿಂತ ಜಾಸ್ತಿ ಕರೆಯಬಾರದು ಅನ್ನುವುದು ನನ್ನ ಹಟ. ಮೂರನೆಯವರು ಬಂದರೆ ಆಲ್ಬಂ ನಿಮ್ಮದಾಗಿ ಉಳಿಯುವುದಿಲ್ಲ.

ಹಕ್ಕುಗಳ ವಿಷಯ ಬೇಜಾರಿನದು, ಆದರೆ ಬಿಡುವಂತಿಲ್ಲ. ರ‍್ಯಾಪರ್ ಬಿಜ್ ಮಾರ್ಕಿ ಒಪ್ಪಿಗೆ ಸಿಗದೆಯೇ ಸ್ಯಾಂಪಲ್ (ಬೇರೆಯವರ ರೆಕಾರ್ಡಿನ ತುಣುಕು) ಬಳಸಿದ್ದಕ್ಕೆ 1991ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿಂದ ಲೇಬಲ್‌ಗಳು ಬಿಗಿಯಾದವು. ಒಂದು ಸ್ಯಾಂಪಲ್‌ಗೆ ಎರಡು ಒಪ್ಪಿಗೆ ಬೇಕು: ರೆಕಾರ್ಡಿಂಗ್ ಯಾರದೋ ಅವರದು, ಹಾಡಿನ ರಚನೆ ಯಾರದೋ ಅವರದು. ಚಿಕ್ಕ ತುಣುಕು, ಯಾರಿಗೂ ಗೊತ್ತಾಗಲ್ಲ ಅನ್ನುವ ಧೈರ್ಯ ಬೇಡ. ಯಾವ ರೆಕಾರ್ಡ್, ಯಾವ ಲೇಬಲ್, ಎಷ್ಟನೇ ನಿಮಿಷ ಅಂತ ಮೊದಲ ದಿನದಿಂದಲೇ ಪಟ್ಟಿ ಇಡಿ. ಕೊನೆಯಲ್ಲಿ ನೆನಪಿಸಿಕೊಂಡು ಬರೆಯೋಕೆ ಆಗುವುದಿಲ್ಲ.

ವಿನೈಲ್ ಮೇಲೆ ತರುವುದಾದರೆ 12 ಇಂಚಿನ ಒಂದು ಮೈಗೆ 20 ನಿಮಿಷದ ಆಸುಪಾಸು ಲೆಕ್ಕ ಹಿಡಿಯಿರಿ. ಅದಕ್ಕಿಂತ ತುಂಬಾ ತುರುಕಿದರೆ ದನಿ ಸಣ್ಣದಾಗುತ್ತದೆ. ಸೂಜಿ ಒಳಗೆ ಹೋದಷ್ಟೂ ಸುತ್ತು ಚಿಕ್ಕದಾಗಿ, ಚೂಪು ದನಿಗಳು ಒಡೆಯುತ್ತವೆ. ಹಾಗಾಗಿ ಕ್ರ್ಯಾಬ್ ಸ್ಕ್ರ್ಯಾಚ್ ಸುರಿಮಳೆ ಮೈಯ ಮೊದಲಿಗೆ ಬರಲಿ, ನಿಧಾನದ ಹಾಡು ಕೊನೆಗೆ. ಟೆಸ್ಟ್ ಪ್ರೆಸಿಂಗ್ (ಪರೀಕ್ಷೆಗೆ ಅಂತ ಒತ್ತಿದ ಮೊದಲ ಪ್ರತಿಗಳು) ಬಂದಾಗ ಎರಡೂ ಮೈಯನ್ನು ಪೂರ್ತಿ ಕೇಳಿ. 1.8 ಸೆಕೆಂಡಿಗೊಮ್ಮೆ ಟಿಕ್ ಟಿಕ್ ಅಂದರೆ ಗೀರು ಬಿದ್ದಿದೆ ಅಂತ. ಆಗ ಇನ್ನೊಂದು ಪ್ರತಿ ಹಾಕಿ ನೋಡಿ. ಅದೇ ಜಾಗದಲ್ಲಿ ಅದೂ ಟಿಕ್ ಅಂದರೆ ತಪ್ಪು ಅಚ್ಚಿನಲ್ಲಿರುತ್ತದೆ, ಒಪ್ಪಿಗೆ ಕೊಡಬೇಡಿ, ವಾಪಸ್ ಕಳಿಸಿ.