ಹಿಟ್ಟಿನ ಕೋಳಿ ಕೂಗಿದ ಮೇಲೆ

"ತಪ್ಪು ಮಾಡಿದವನು ಅಳಬೇಕು, ಮೋಸ ಹೋದವಳು ಕ್ಷಮಿಸಬೇಕು, ಆಮೇಲೆ ಮಳೆ ಬರಬೇಕು. ಇಲ್ಲದಿದ್ರೆ ಓದೋರಿಗೆ ಸಮಾಧಾನ ಆಗಲ್ಲ ಮಾರಾಯ." ನನ್ನ ಕಾದಂಬರಿಯ ಮೂರನೇ ಕರಡು ಓದಿದ ಗೆಳೆಯ ಹೀಗೆ ಹೇಳಿ ಹಸ್ತಪ್ರತಿ ವಾಪಸ್ ಕೊಟ್ಟಿದ್ದ. ಮಳೆ ಮಾತು ತಮಾಷೆಗೆ, ಉಳಿದದ್ದು ಗಂಭೀರವಾಗಿಯೇ. ಇನ್ನಿಬ್ಬರು ಓದಿದವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಈಗ ಆ ಪುಸ್ತಕದ ಎರಡನೇ ಮುದ್ರಣ ಬಂದಿದೆ. ಅದರಲ್ಲಿ ಯಾರೂ ಅಳುವುದಿಲ್ಲ, ಯಾರೂ ಯಾರನ್ನೂ ಕ್ಷಮಿಸುವುದಿಲ್ಲ. ಮಳೆಯಂತೂ ಇಲ್ಲವೇ ಇಲ್ಲ. ಸ್ವಲ್ಪ ಜಂಬ ಅಂದುಕೊಂಡರೂ ಪರವಾಗಿಲ್ಲ, ಹೇಗೆ ಮಾಡಿದೆ ಅಂತ ಹೇಳಿಬಿಡುತ್ತೇನೆ.

ಕತೆ ಸಣ್ಣದು. 1994ರಲ್ಲಿ ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಬಂತಲ್ಲ, ಅದಾಗಿ ಎರಡು ವರ್ಷಕ್ಕೆ ಒಬ್ಬ ಅಣ್ಣ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾನೆ. ಅವಳ ಮದುವೆಗೆ ಇನ್ನು ಇಪ್ಪತ್ತು ದಿನ. ಖಾತೆ ಬದಲಾಯಿಸೋ ಕಾಗದ ಅಂತ ಹೇಳಿ, ಅವಳ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ, ಹೆಬ್ಬೆಟ್ಟು ಹಾಕಿಸುತ್ತಾನೆ. ಅಷ್ಟೇ. ಯಾರೂ ಸಾಯುವುದಿಲ್ಲ, ಯಾರೂ ಕೇಳುವುದಿಲ್ಲ. ಮುಂದಿನ ಇಪ್ಪತ್ನಾಲ್ಕು ವರ್ಷ ಅವನು ಏನಾದ ಅನ್ನುವುದೇ ಕಾದಂಬರಿ.

ಮೊದಲ ಕರಡಿನಲ್ಲಿ ಅವನನ್ನು ಬಾವಿಗೆ ಹಾರಿಸಿದ್ದೆ. ನಾವೆಲ್ಲ ಗೋವಿನ ಹಾಡು ಕೇಳಿ ಬೆಳೆದವರು ಅಲ್ವಾ? ಪುಣ್ಯಕೋಟಿ ಮಾತಿಗೆ ತಪ್ಪದೆ ಬಂದು ನಿಂತ ಕೂಡಲೇ ಹುಲಿ ಹಾರಿ ಪ್ರಾಣ ಬಿಡುತ್ತದೆ. ಹಾಡಿನಲ್ಲಿ ಅದು ಒಪ್ಪುತ್ತದೆ. ನನ್ನ ಕೈಯಲ್ಲಿ ಮಾತ್ರ ಅದು ಸೋಮಾರಿತನವಾಗಿತ್ತು. ಸತ್ತವನಿಗೆ ನಾಳೆ ಬೆಳಿಗ್ಗೆ ಎದ್ದು ತಂಗಿಯ ಮುಖ ನೋಡುವ ಕಷ್ಟ ಇಲ್ಲ. ಆ ಕಷ್ಟ ಬರೆಯಲಾರದೆ ನಾನೇ ಬಾವಿಗೆ ಹಾರಿದ್ದೆ ಅನ್ನಿ.

ಎರಡನೇ ಕರಡಿನಲ್ಲಿ ಅವನನ್ನು ಬದುಕಿಸಿ, ಅವನ ತಲೆಯೊಳಗೆ ಕೂತೆ. ಪುಟಗಟ್ಟಲೆ ಕೊರಗು. ಆಮೇಲೆ ಒಂದು ದಿನ ಎಣಿಸಿ ನೋಡಿದೆ: 'ಪಶ್ಚಾತ್ತಾಪ' ಅನ್ನುವ ಪದವೇ ನಲವತ್ತು ಚಿಲ್ಲರೆ ಸಲ ಬಂದಿತ್ತು. ಆದರೆ ಎಣಿಸುವ ಹೊತ್ತಿಗೆ ಪುಸ್ತಕ ಅಚ್ಚಾಗಿಬಿಟ್ಟಿತ್ತು! ಸ್ವಂತ ದುಡ್ಡು. 500 ಪ್ರತಿಗೆ ಡಿಟಿಪಿ, ಮುಖಪುಟ, ಬೈಂಡಿಂಗ್ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ. ಮಾರಾಟವಾದದ್ದು ನೂರಮೂವತ್ತೋ ಏನೋ, ನೆಂಟರು ಕೊಂಡದ್ದೂ ಸೇರಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿದ್ದೆ, ಉತ್ತರ ಬರಲಿಲ್ಲ. ಉಳಿದ ಕಟ್ಟುಗಳು ಅಟ್ಟದ ಮೇಲೆ ಹೋದವು. ಮುಂದೆ ಹೊಸ ಪ್ರಕಾಶಕರು "ಹಳೇ ಪುಸ್ತಕ ಮಾರುಕಟ್ಟೆಯಿಂದ ತೆಗೀಬೇಕು" ಅಂತ ಷರತ್ತು ಹಾಕಿದಾಗ ನಗು ಬಂತು. ಮಾರುಕಟ್ಟೆಗೆ ಹೋಗಿದ್ದರೆ ತಾನೆ ತೆಗೆಯೋದು.

ಇದರ ಮಧ್ಯೆ ರಷ್ಯದ ಕಾದಂಬರಿಕಾರ ದಾಸ್ತೋವ್‌ಸ್ಕಿಯನ್ನು ಅನುಕರಿಸಲು ಹೋಗಿ ಒಂದು ವರ್ಷ ಕಳೆದೆ. 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ಆರು ಭಾಗ, ಕೊನೆಗೊಂದು ಉಪಸಂಹಾರ. ಕೊಲೆ ಮೊದಲ ಭಾಗದಲ್ಲೇ ಮುಗಿಯುತ್ತದೆ, ಉಳಿದದ್ದೆಲ್ಲ ಅದರ ಬೇಗುದಿ. ನಾನೂ ಅದೇ ಲೆಕ್ಕದಲ್ಲಿ ಭಾಗ ಮಾಡಿದೆ. ನಿಲ್ಲಲಿಲ್ಲ. ಯಾಕೆ ಅಂತ ತಿಳಿಯಲು ತಡವಾಯಿತು. ಅಲ್ಲಿ ಕೊಲೆ ಮಾಡಿದ ರಸ್ಕೋಲ್ನಿಕೋವನ ಬೆನ್ನಿಗೆ ತನಿಖಾಧಿಕಾರಿ ಪೊರ್ಫಿರಿ ಇದ್ದಾನೆ. ಸಿಕ್ಕಿಬೀಳುವ ಭಯ ಕತೆಯನ್ನು ಎಳೆಯುತ್ತದೆ. ನನ್ನ ಅಣ್ಣನ ಹಿಂದೆ ಯಾರೂ ಬಿದ್ದಿಲ್ಲ. ನೋಂದಣಿಯಾದ ಪತ್ರ, ಸಾಕ್ಷಿಗಳ ಸಹಿ, ಎಲ್ಲ ಸರಿಯಾಗಿದೆ. ಬೆನ್ನಟ್ಟುವವರಿಲ್ಲದ ತಪ್ಪು ಸುಮ್ನೆ ಕೂತಿರುತ್ತದೆ, ಕತೆ ಮುಂದಕ್ಕೇ ಹೋಗಲ್ಲ.

ದಾರಿ ಸಿಕ್ಕಿದ್ದು ಹಳಗನ್ನಡ ಕವಿ ಜನ್ನನಿಂದ. 1209ರ 'ಯಶೋಧರ ಚರಿತೆ'. ಎಂಎ ಪರೀಕ್ಷೆಗೆ ಗೈಡ್ ಓದಿ ಪಾಸಾದವನು ನಾನು, ಕಾವ್ಯ ನೆಟ್ಟಗೆ ಓದಿದ್ದು ಆಮೇಲೆ. ತಾಯಿ ಪ್ರಾಣಿಬಲಿ ಕೊಡು ಅನ್ನುತ್ತಾಳೆ, ರಾಜ ಯಶೋಧರ ಒಲ್ಲೆ ಅನ್ನುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯಲ್ಲಿ ರಾಜಿ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ಬೇತಾಳ ಹೊಕ್ಕಿತ್ತು ಅನ್ನುವ ವಿವರಣೆ ಇದೆ, ಇರಲಿ. ನನಗೆ ಮುಖ್ಯ ಆ ಕೂಗು. 'ಬರೀ ಹಿಟ್ಟು' ಅಂತ ಅವನು ಹೇಳಿಕೊಂಡದ್ದು ಅಲ್ಲಿಗೆ ಮುಗಿಯಿತು. 'ಬರೀ ಕಾಗದ' ಅಂತ ನನ್ನ ಅಣ್ಣನೂ ಹೇಳಿಕೊಂಡಿದ್ದ.

ಹಾಗಾದರೆ ನನ್ನ ಕಾದಂಬರಿಯಲ್ಲಿ ಕೂಗುವುದು ಯಾವುದು? ಅಂಥ ವಸ್ತು ಹಳೇ ಪುಸ್ತಕದಲ್ಲೇ ಒಂದು ಸಾಲಿನಲ್ಲಿ ಬಿದ್ದಿತ್ತು. ಹೆಬ್ಬೆಟ್ಟು ಒತ್ತಿದ ಮೇಲೆ ತಂಗಿ ಮಸಿ ಒರೆಸಲು ಅತ್ತಿತ್ತ ನೋಡುತ್ತಾಳೆ, ಅಣ್ಣ ತನ್ನ ಬಿಳಿ ಕರ್ಚೀಫ್ ಕೊಡುತ್ತಾನೆ. ಆ ಕರ್ಚೀಫನ್ನು ಹಿಡಿದುಕೊಂಡೆ. ಕೊರಗಿನ ಪುಟಗಳೆಲ್ಲ ಕತ್ತರಿಸಿದೆ, ಎಪ್ಪತ್ತು ಪುಟವಾದರೂ ಹೋಗಿರಬೇಕು. 'ಪಶ್ಚಾತ್ತಾಪ' ಒಂದು ಸಲವೂ ಬೇಡ ಅಂತ ನಿಯಮ ಹಾಕಿಕೊಂಡೆ. ಹನ್ನೆರಡು ವರ್ಷ ಕಳೆದ ಮೇಲೆ ಅಣ್ಣನ ಮನೆಯ ಗೃಹಪ್ರವೇಶದ ದಿನ, ತಂಗಿ ಊಟ ಮಾಡಿ ಕೈ ತೊಳೆದು ಬರುತ್ತಾಳೆ. ಅಣ್ಣ ಟವೆಲ್ ಕೊಡುತ್ತಾನೆ. ಅವಳು ಒರೆಸಿಕೊಳ್ಳುತ್ತಾ, "ಆವತ್ತಿನ ಕರ್ಚೀಫಿಂದು ಮಸಿ ಹೋಯ್ತಾ ಅಣ್ಣ?" ಅಂತ ಕೇಳಿ ಒಳಗೆ ಹೋಗುತ್ತಾಳೆ. ಅಷ್ಟೇ ಮಾತು. ಅವಳಿಗೆ ಗೊತ್ತಿತ್ತಾ, ಎಷ್ಟು ದಿನದಿಂದ ಗೊತ್ತಿತ್ತು, ಒಂದನ್ನೂ ಹೇಳಿಲ್ಲ. ಈ ಒಂದು ಪುಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆ ಪ್ರಶ್ನೆಯ ಹಿಂದಿನ ಪ್ಯಾರಾದಲ್ಲಿ ಒಂದು ಕೈಚಳಕ ಇದೆ, ಅದನ್ನು ಇಲ್ಲಿ ಹೇಳಲ್ಲ. ಮುಂದಿನ ಪುಸ್ತಕಕ್ಕೂ ಬೇಕು.

ತಪ್ಪಿನಿಂದ ಅಣ್ಣನಿಗೆ ಬಿಡುಗಡೆ ಹೇಗೆ ಅನ್ನುವ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೂ ಜನ್ನನೇ ಆದ. ಹಿಟ್ಟಿನ ಕೋಳಿ ಕಡಿದ ಪಾಪಕ್ಕೆ ಎತ್ತಿದ ಪ್ರಾಣಿಜನ್ಮಗಳನ್ನೆಲ್ಲ ದಾಟಿ, ತಾಯಿ ಮಗ ಈಗ ಅಭಯಮತಿ, ಅಭಯರುಚಿ ಅನ್ನುವ ಅವಳಿಗಳು. ಚಂಡಮಾರಿ ದೇವತೆಗೆ ಬಲಿ ಕೊಡಲು ರಾಜ ಮಾರಿದತ್ತನ ಮುಂದೆ ತಂದು ನಿಲ್ಲಿಸಿದ್ದಾರೆ. ಅಭಯರುಚಿ ತನ್ನ ಹಿಂದಿನ ಕತೆ ಹೇಳುತ್ತಾನೆ. ಕೇಳಿಸಿಕೊಂಡ ಮಾರಿದತ್ತ ಬಲಿ ಬಿಡುತ್ತಾನೆ. ನೋಡಿ, ತಪ್ಪು ಹೇಳಿಕೊಂಡವನು ಒಬ್ಬ, ಬದಲಾದವನು ಇನ್ನೊಬ್ಬ. ನಾನು ಇಷ್ಟು ವರ್ಷ ಅಣ್ಣನನ್ನು ತಂಗಿಯ ಕಾಲಿಗೆ ಬೀಳಿಸಲು ಒದ್ದಾಡುತ್ತಿದ್ದೆ. ಅವಳು ಕ್ಷಮಿಸಿದರೆ ಸಿನಿಮಾ ಆಗುತ್ತಿತ್ತು, ಕ್ಷಮಿಸದಿದ್ದರೆ ಭಾಷಣ ಆಗುತ್ತಿತ್ತು.

ಹಾಗಾಗಿ ಅಣ್ಣ ಬಾಯಿ ಬಿಡುವುದು ತನ್ನ ಮಗನ ಮುಂದೆ. ಅಷ್ಟೊತ್ತಿಗೆ 2005ರ ತಿದ್ದುಪಡಿ ಬಂದು ದೇಶಕ್ಕೆಲ್ಲ ಹೆಣ್ಣುಮಕ್ಕಳ ಪಾಲು ಆಗಿದೆ. ಮಗ ತನ್ನ ಅಕ್ಕನ ಸಹಿಗೆ ಅಂತ ಬಿಡುಗಡೆ ಪತ್ರ ರೆಡಿ ಮಾಡಿಸಿಕೊಂಡು ಬಂದು, "ಅಪ್ಪ, ಸ್ಪೆಲ್ಲಿಂಗ್ ಒಂದ್ಸಲ ನೋಡಿ" ಅಂತ ಕೊಡುತ್ತಾನೆ. ಅಪ್ಪ ಕನ್ನಡಕ ಹಾಕಿಕೊಳ್ಳುತ್ತಾನೆ, ಓದುವುದಿಲ್ಲ, ಹೇಳಲು ಶುರು ಮಾಡುತ್ತಾನೆ. ಮುಗಿದ ಮೇಲೆ ಮಗ ಏನೂ ಅನ್ನದೆ ಕಾಗದ ಮಡಚಿ ಜೇಬಿಗಿಟ್ಟುಕೊಳ್ಳುತ್ತಾನೆ. ಹರಿದು ಹಾಕಿಸಲಿಲ್ಲ. ಹರಿದಿದ್ದರೆ ಚಪ್ಪಾಳೆ ಕೇಳಿದ ಹಾಗೆ ಆಗುತ್ತಿತ್ತು.

ಸೈಡಿನಲ್ಲಿ ಇನ್ನೂ ಕೆಲವು ಪ್ರಯೋಗ ಮಾಡಿದ್ದೆ. ಇಡೀ ಕಾದಂಬರಿಯನ್ನು ಅಣ್ಣನ ಲೆಕ್ಕದ ಪುಸ್ತಕವಾಗಿ ಬರೆಯುವುದು ಒಂದು: ಪ್ರತಿ ವರ್ಷ ಹಬ್ಬಕ್ಕೆ ತಂಗಿಗೆ ಕೊಟ್ಟ ಸೀರೆ, ಅವಳ ಮಕ್ಕಳ ಫೀಸು, ಎದುರಿಗೆ ಅವಳ ಪಾಲಿನ ಎರಡೆಕರೆಯ ಬೆಲೆ. ಇಪ್ಪತ್ತು ಪುಟದವರೆಗೆ ಚೆನ್ನಾಗಿತ್ತು. ಆಮೇಲೆ ಜಮೀನಿನ ರೇಟು ಏರಿದ ಹಾಗೆಲ್ಲ ಸೀರೆಯ ರೇಟೂ ಏರುತ್ತಾ ಹೋಗಿ ನಗೆಪಾಟಲಾಯಿತು. ಒಂದೇ ಪುಟ ಉಳಿಸಿಕೊಂಡೆ. ಅದನ್ನೇ ತುಂಬಾ ಜನ ನೆನಪಿಟ್ಟುಕೊಂಡಿದ್ದಾರೆ, ವಿಚಿತ್ರ. ತಂಗಿಯ ಬಾಯಲ್ಲಿ ಹೇಳಿಸಿದ ಒಂದು ಅಧ್ಯಾಯವೂ ಇದೆ. ಅದು ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ.

ಈ ಸಲ ದುಡ್ಡು ಪ್ರಕಾಶಕರದ್ದು. ಸಾವಿರ ಪ್ರತಿ ಒಂದೂವರೆ ವರ್ಷದಲ್ಲಿ ಖಾಲಿ. ರಾಯಲ್ಟಿ ಹಳೇ ನಷ್ಟದ ಮುಕ್ಕಾಲು ತುಂಬಿಸಿರಬಹುದು. ಮಳೆ ಬರಬೇಕು ಅಂದ ಗೆಳೆಯ ಎರಡು ಪ್ರತಿ ಕೊಂಡ, ಒಂದನ್ನು ಅವನ ಅಕ್ಕನಿಗೆ ಅಂತೆ. ನಾನು ಏನೂ ಕೇಳಲಿಲ್ಲ.

ಬಂದ ಕಾಗದಗಳು ಹನ್ನೊಂದು. ಅದರಲ್ಲಿ ಏಳು ಜನ ನನ್ನ ಪುಸ್ತಕದ ಬಗ್ಗೆ ಒಂದು ಸಾಲು ಬರೆದು, ನೇರ ತಮ್ಮದೇ ಕತೆಗೆ ಇಳಿದಿದ್ದರು. ತಾಯಿಯ ಸರ, ಚಿಕ್ಕಪ್ಪನ ಸೈಟು, ತಮ್ಮನ ಹೆಸರಲ್ಲಿ ತೆಗೆದ ಸಾಲ. ಒಬ್ಬರು ಮಾತ್ರ ಏನೂ ಬರೆದಿರಲಿಲ್ಲ. ಲಕೋಟೆಯಲ್ಲಿ ಒಂದು ಬಿಡುಗಡೆ ಪತ್ರದ ಜೆರಾಕ್ಸ್ ಇತ್ತು, ಹೆಬ್ಬೆಟ್ಟಿನ ಗುರುತಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಹೆಸರುಗಳಿಗೆ ಬಿಳಿ ಬಳಿದಿತ್ತು. ಕಳಿಸಿದ್ದು ಅಣ್ಣನೋ ತಂಗಿಯೋ ಗೊತ್ತಾಗಲಿಲ್ಲ.